ಕಂಡಕ್ಟರನ ಮೆಟ್ಟಿಲು, ಬೆಟ್ಟದ ಮೆಟ್ಟಿಲು

ಮೈಸೂರಿಗೆ 'ಪಿಂಚಣಿದಾರರ ಸ್ವರ್ಗ' ಅನ್ನೋ ಹೆಸರಿದೆ. ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮಂಥವರು ಇದನ್ನ ಅರ್ಧ ತಮಾಷೆಗೆ, ಅರ್ಧ ಹೊಟ್ಟೆಕಿಚ್ಚಿಗೆ ಹೇಳ್ತೀವಿ. ಆದರೆ ಈ ಸ್ವರ್ಗವನ್ನ ಯಾರು, ಯಾಕೆ ಕಟ್ಟಿದರು ಅಂತ ಕೆದಕಿದರೆ ಒಂದು ಮಜವಾದ ಸಂಗತಿ ಸಿಗುತ್ತೆ. ಇಲ್ಲಿನ ಹಿರಿಯರು ಬೆಳಿಗ್ಗೆ ಸಂಜೆ ಓಡಾಡುವ ಜಾಗಗಳಲ್ಲಿ ಒಂದನ್ನೂ ಅವರ ಹೃದಯ ಗಟ್ಟಿಯಾಗಿರಲಿ ಅಂತ ಯಾರೂ ಮಾಡಿದ್ದಲ್ಲ!

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನೇ ತಗೊಳ್ಳಿ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದ್ದು ಅವು. ಹತ್ತುವವರ ದೃಷ್ಟಿ ಇದ್ದದ್ದು ತಾಯಿಯ ಮೇಲೆ, ನಾಡಿಮಿಡಿತದ ಮೇಲಲ್ಲ. ಕುಕ್ಕರಹಳ್ಳಿ ಕೆರೆ ಆಗಿದ್ದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ. ಊರಾಚೆಯ ಹೊಲಗದ್ದೆಗಳಿಗೆ ನೀರು ಬೇಕಿತ್ತು, ಅಷ್ಟೇ. ಕೆರೆ ಏರಿ ಮೇಲೆ ಮುಂದೊಂದು ದಿನ ಮಂಕಿ ಟೋಪಿ ಹಾಕಿಕೊಂಡ ನಿವೃತ್ತ ಮೇಷ್ಟ್ರುಗಳು ಸಾಲಾಗಿ ನಡೀತಾರೆ ಅಂತ ಮಹಾರಾಜರು ಊಹಿಸಿರಲಿಕ್ಕಿಲ್ಲ.

ಇನ್ನು ಅಗಲ ರಸ್ತೆಗಳು, ಮರಗಳು, ಬಡಾವಣೆಗೊಂದು ಪಾರ್ಕು. ಇದರ ಹಿಂದಿನ ಕಥೆ ಮಾತ್ರ ಘೋರ. 1898ರ ಹೊತ್ತಿಗೆ ಪ್ಲೇಗ್ ಮೈಸೂರಿಗೆ ಕಾಲಿಟ್ಟಿತು. ಇಕ್ಕಟ್ಟಾದ ಕೇರಿಗಳಲ್ಲಿ ಜನ ಸತ್ತರು, ಉಳಿದವರು ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಆ ಪೆಟ್ಟು ತಿಂದ ಮೇಲೆ, ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲಿ, 1903ರಲ್ಲಿ ನಗರಾಭಿವೃದ್ಧಿಗೆ ಅಂತಲೇ ಒಂದು ಟ್ರಸ್ಟ್ ಬೋರ್ಡ್ ಹುಟ್ಟಿತು. ಗಾಳಿ ಬೆಳಕು ಬರೋ ಮನೆಗಳು, ಅಗಲ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಹೊಸ ಮೊಹಲ್ಲಾಗಳು ಬಂದವು. ವೈರಿ ಇಲಿಯಾಗಿತ್ತು, ಕೊಲೆಸ್ಟರಾಲ್ ಅಲ್ಲ. ನಾವು ಹೊಗಳೋ ಮೈಸೂರಿನ ನೆರಳು ರಸ್ತೆಗಳಲ್ಲಿ ಎಷ್ಟೋ ಆ ಭಯದ ಮಕ್ಕಳು. ಈ ಊರಿನ ವಿಷಯದಲ್ಲಿ ನಾವು ಅರಮನೆ ಬಗ್ಗೆ ಜಾಸ್ತಿ ಮಾತಾಡ್ತೀವಿ, ಪ್ಲೇಗ್ ಬಗ್ಗೆ ತೀರಾ ಕಡಿಮೆ ಅಂತ ನನ್ನ ಅನಿಸಿಕೆ.

ನಡಿಗೆಗೂ ಹೃದಯಕ್ಕೂ ಇರೋ ನಂಟು ವೈದ್ಯಲೋಕಕ್ಕೆ ಅಂಕಿಅಂಶದ ಸಮೇತ ಗೊತ್ತಾಗಿದ್ದು ಇದಾಗಿ ಅರ್ಧ ಶತಮಾನದ ನಂತರ, ಅದೂ ಲಂಡನ್ನಿನ ಡಬಲ್ ಡೆಕರ್ ಬಸ್ಸಿನಲ್ಲಿ. ಜೆರ್ರಿ ಮೋರಿಸ್ ಎಂಬ ವೈದ್ಯ, ಒಂದೇ ಬಸ್ಸಿನಲ್ಲಿ ಕೆಲಸ ಮಾಡೋ ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರ ಹೃದಯರೋಗದ ಲೆಕ್ಕವನ್ನ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶ: ದಿನವಿಡೀ ಕೂತೇ ಇರುವ ಡ್ರೈವರ್‌ಗಿಂತ ಮೇಲೆ ಕೆಳಗೆ ಓಡಾಡುವ ಕಂಡಕ್ಟರ್‌ಗೆ ಹೃದಯಾಘಾತ ಕಡಿಮೆ, ಬಂದರೂ ತಡವಾಗಿ ಬರುತ್ತೆ. ಕಂಡಕ್ಟರ್ ದಿನಕ್ಕೆ ಸುಮಾರು 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ನಮ್ಮ ಬೆಟ್ಟದ ನಂದಿ ಇರೋದು ಎಷ್ಟನೇ ಮೆಟ್ಟಿಲ ಹತ್ತಿರ? ಸುಮಾರು 700! ನಂದಿವರೆಗೆ ಹತ್ತಿದರೆ ಲಂಡನ್ ಕಂಡಕ್ಟರನ ಒಂದು ದಿನದ ಡ್ಯೂಟಿ ಮುಗಿದಂತೆ.

ಕಥೆ ಇಷ್ಟು ಸಲೀಸಾಗಿ ಮುಗಿಯಲ್ಲ. 1956ರಲ್ಲಿ ಮೋರಿಸ್ ಅವರೇ ಬಸ್ ಸಿಬ್ಬಂದಿಯ ಸಮವಸ್ತ್ರದ ಅಳತೆ ತೆಗೆದು ನೋಡಿದಾಗ, ಡ್ರೈವರ್‌ಗಳ ಪ್ಯಾಂಟಿನ ಸೊಂಟದ ಸುತ್ತಳತೆ ಮೊದಲಿಂದಲೇ ಜಾಸ್ತಿ ಇತ್ತು. ಅಂದ್ರೆ ಕೂತಿದ್ದಕ್ಕೆ ಕಾಯಿಲೆ ಬಂತೋ, ಮೊದಲೇ ದಪ್ಪ ಇದ್ದವರು ಡ್ರೈವರ್ ಆದರೋ? ತಮ್ಮ ವಾದವನ್ನ ತಾವೇ ಹೀಗೆ ಜಗ್ಗಾಡಿ ನೋಡಿದ್ದು ನನಗೆ ಬಹಳ ಇಷ್ಟವಾಯಿತು. ಮುಂದೆ ಹಲವು ದಶಕಗಳ ಅಧ್ಯಯನಗಳು ನಡಿಗೆಯ ಪರವಾಗೇ ನಿಂತವು. ಸ್ವತಃ ಮೋರಿಸ್ ತಾವು ಕಂಡುಕೊಂಡಿದ್ದನ್ನ ಪಾಲಿಸಿ 99 ವರ್ಷ ಬದುಕಿದರು.

ಇಲ್ಲಿ ಮೈಸೂರಲ್ಲಿ ಯಾರೂ 'ಲ್ಯಾನ್ಸೆಟ್' ಓದಿ ನಡಿಗೆ ಶುರು ಮಾಡಲಿಲ್ಲ. ಕುವೆಂಪು ಅವರಿಗೆ ಕುಕ್ಕರಹಳ್ಳಿ ಕೆರೆ ಕವಿತೆ ಹುಟ್ಟೋ ಜಾಗ. ಅದರ ಪಕ್ಕದಲ್ಲೇ ಎದ್ದ ವಿಶ್ವವಿದ್ಯಾನಿಲಯದ ಆವರಣಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ. ಆರ್.ಕೆ. ನಾರಾಯಣ್ ಅವರಿಗೆ ಊರು ಸುತ್ತೋದು ಅಂದ್ರೆ ಜನರನ್ನ ಮಾತಾಡಿಸೋದು. ಕುವೆಂಪು 89 ವರ್ಷ ಬಾಳಿದರು, ನಾರಾಯಣ್ 94. ಇಬ್ಬರ ಆಯಸ್ಸಿಗೂ ನಡಿಗೆಯೇ ಕಾರಣ ಅಂತ ನಾನು ಹೇಳ್ತಿಲ್ಲ, ಮೋರಿಸ್ ಬೈದಾರು! ಆದರೆ ಇಬ್ಬರೂ ನಡೆದದ್ದು ಡಾಕ್ಟರ್ ಹೇಳಿದರು ಅಂತ ಅಲ್ಲ, ನಡೆಯೋದು ಖುಷಿ ಕೊಡ್ತಿತ್ತು ಅಂತ. (ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ನಡೆಸಿದ ಯೋಗಶಾಲೆಯ ಕಥೆ ಬೇರೆಯೇ ಒಂದು ಅಧ್ಯಾಯ, ಇವತ್ತು ಬೇಡ.)

ಇದೆಲ್ಲ ನಾನು ಹುಡುಕಲಿಕ್ಕೆ ಶುರು ಮಾಡಿದ್ದು ಸುಮ್ಮನೆ ಅಲ್ಲ. ಹೋದ ವರ್ಷ ಅಪ್ಪನಿಗೆ ಸ್ಟೆಂಟ್ ಹಾಕಿದರು. ನಮ್ಮ ಮನೆಯಲ್ಲಿ ಆಗ ಎದ್ದ ಮೊದಲ ಪ್ರಶ್ನೆ, ಅವರನ್ನ ಬೆಂಗಳೂರಿಗೆ ಕರ್ಕೊಂಡು ಬರೋದಾ ಬೇಡ್ವಾ ಅನ್ನೋದು. ನಿಮ್ಮಲ್ಲೂ ಎಷ್ಟೋ ಜನರ ಮನೆಯಲ್ಲಿ ಇದೇ ಚರ್ಚೆ ನಡೀತಿರುತ್ತೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇದೆ, ಟ್ರೆಡ್‌ಮಿಲ್ ಇದೆ, ಹತ್ತು ನಿಮಿಷದಲ್ಲಿ ದೊಡ್ಡ ಆಸ್ಪತ್ರೆ ಇದೆ. ಲೆಕ್ಕ ಹಾಕಿದರೆ ಬೆಂಗಳೂರೇ ಸರಿ ಅನ್ನಿಸ್ತಿತ್ತು.

ಆಮೇಲೆ ಒಂದು ವಾರ ರಜ ಹಾಕಿ ಅಪ್ಪನ ಜೊತೆ ಕೆರೆ ಏರಿ ಮೇಲೆ ನಡೆದೆ. ಅಲ್ಲಿ ಆಗೋದು ಬರೀ ವ್ಯಾಯಾಮ ಅಲ್ಲ ಕಣ್ರೀ. ಒಬ್ಬರು ಎರಡು ದಿನ ಕಾಣಲಿಲ್ಲ ಅಂದ್ರೆ ಮೂರನೇ ದಿನ ಫೋನ್ ಹೋಗುತ್ತೆ. ಹಕ್ಕಿ ನೋಡೋರಿಗೆ ಒಂದು ಕಲ್ಲುಬೆಂಚು, ರಾಜಕೀಯ ಮಾತಾಡೋರಿಗೆ ಇನ್ನೊಂದು. ಯಾರ ಮಾತ್ರೆಯ ಡೋಸು ಬದಲಾಯ್ತು, ಯಾರ ಮಗಳಿಗೆ ಸಂಬಂಧ ಕುದುರಿತು, ಎಲ್ಲ ಎಲ್ಲರಿಗೂ ಗೊತ್ತು. ಅಪ್ಪನ ವೇಗ ತಗ್ಗಿದರೆ ಗುಂಪಿನ ವೇಗವೂ ತಗ್ಗುತ್ತೆ, ಯಾರೂ ಅದನ್ನ ಬಾಯಿಬಿಟ್ಟು ಹೇಳಲ್ಲ. ಮುಗಿದ ಮೇಲೆ ಕೆಲವರು ಸೀದಾ ಹೋಟೆಲಿಗೆ ಹೋಗಿ ಬೆಣ್ಣೆ ಮಸಾಲೆ ದೋಸೆ ತಿಂತಾರೆ ಅನ್ನೋದೂ ನಿಜ. ಅಪ್ಪನಿಗೆ ಈಗ ಇಡ್ಲಿ ಮಾತ್ರ, ಉಪ್ಪಿನಕಾಯಿ ಬಂದ್, ಅದಕ್ಕೆ ಗೆಳೆಯರ ಕಾವಲು.

ಬೆಟ್ಟದ ಮೆಟ್ಟಿಲು ಸದ್ಯಕ್ಕೆ ಬೇಡ ಅಂತ ಡಾಕ್ಟರ್ ಹೇಳಿದಾರೆ. ಎದೆನೋವು, ಉಬ್ಬಸ ಇರೋರು ಕೇಳದೇ ಹತ್ತಲೇಬಾರದು. ಸಮತಟ್ಟು ನೆಲದ ಮೇಲೆ ಎಷ್ಟು ನಡೆದರೆ ಸಾಕು? ಫೋನು ಬಡ್ಕೊಳ್ಳೋ ಹತ್ತು ಸಾವಿರ ಹೆಜ್ಜೆಯ ಮೂಲ ಯಾವ ವೈದ್ಯಶಾಸ್ತ್ರವೂ ಅಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸೋ ಯಂತ್ರದ ಹೆಸರು. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ, 2,700 ನಡೆದವರಿಗಿಂತ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ.

ಇದನ್ನ ಅಪ್ಪನಿಗೆ ಓದಿ ಹೇಳಿದೆ. "ಹೆಜ್ಜೆ ನೀವು ಎಣಿಸ್ಕೊಳ್ರಪ್ಪ, ನಮಗೆ ಅಲ್ಲಿ ಮಾತಾಡಕ್ಕೇ ಟೈಮ್ ಸಾಲಲ್ಲ" ಅಂದರು. ಬೆಂಗಳೂರಿನ ಮಾತು ಅಲ್ಲಿಗೆ ನಿಂತಿದೆ. ನಾನು ಈಗ ಹುಡುಕ್ತಿರೋದು ಕೆರೆಗೆ ನಡೆದು ಹೋಗೋ ದೂರದಲ್ಲಿ, ನೆಲ ಅಂತಸ್ತಿನಲ್ಲಿ ಒಂದು ಬಾಡಿಗೆ ಮನೆ. ಸರಸ್ವತೀಪುರಂ ಕಡೆ ಇದ್ದರೆ ಹೇಳಿ.