ಮಾತು ತಡವಾದ ಮಗು: ಕರ್ನಾಟಕದಲ್ಲಿ ಸ್ವಲೀನತೆಯ ಆರೈಕೆ ಮತ್ತು ವಿಶೇಷ ಶಿಕ್ಷಣ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ಹೆಸರಾಗಿದೆ. ಇಲ್ಲಿನ ವಿಶ್ವಕರ್ಮ ಮನೆತನಗಳಲ್ಲಿ ಕಸುಬು ಹಿರಿಯರ ಕೈಯನ್ನು ನೋಡುತ್ತಾ ಹಂತಹಂತವಾಗಿ ಕಿರಿಯರಿಗೆ ಒಲಿಯುತ್ತದೆ. ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ ಕಲಿಸುವ ಇಂದಿನ ವಿಶೇಷ ಶಿಕ್ಷಣದ ಕ್ರಮಕ್ಕೂ ಇದಕ್ಕೂ ಹೋಲಿಕೆಯಿದೆ. ಆದರೆ ಸ್ವಲೀನತೆ, ಅಂದರೆ ಆಟಿಸಂ ಇರುವ ಅನೇಕ ಮಕ್ಕಳಿಗೆ ಇನ್ನೊಬ್ಬರ ನೋಟವನ್ನು ಹಿಂಬಾಲಿಸುವುದು ಮತ್ತು ಅನುಕರಿಸುವುದು ಸಹಜವಾಗಿ ಬರುವುದಿಲ್ಲ. ಕಸುಬಿನಲ್ಲಿ ಕಲಿಕೆಯ ಸಾಧನವಾಗಿರುವುದು ಇಲ್ಲಿ ತಾನೇ ಪಾಠವಾಗಬೇಕಾಗುತ್ತದೆ.

ಮಾತು ತಡವಾದ ಮಗುವಿನ ಬಗ್ಗೆ ಜನಪದರು ಉದಾಸೀನರಾಗಿರಲಿಲ್ಲ. ನಾಲಿಗೆಗೆ ಬಜೆ ತೇಯ್ದು ಸವರುವುದು, ದೃಷ್ಟಿ ತೆಗೆಯುವುದು, ತಾಯತ ಕಟ್ಟುವುದು, ಹರಕೆ ಹೊರುವುದು ನಾಡಿನಾದ್ಯಂತ ಕಂಡುಬರುವ ಆಚರಣೆಗಳು. ಇವು ಕುಟುಂಬದ ಕಳವಳಕ್ಕೆ ಒಂದು ರೂಪ ಕೊಟ್ಟವು. ಆದರೆ ಕೊರತೆಯ ಕಾರಣವನ್ನು ಬಸುರಿಯ ನಡೆನುಡಿಯಲ್ಲಿ, ತಾಯಿಯ ಪೂರ್ವಕರ್ಮದಲ್ಲಿ ಹುಡುಕುವ ಪ್ರವೃತ್ತಿಯೂ ಇವುಗಳ ಜೊತೆಗೇ ಬೆಳೆಯಿತು.

ಈ ದೋಷಾರೋಪಣೆ ಹಳ್ಳಿಗರಿಗಷ್ಟೇ ಸೀಮಿತವಲ್ಲವೆಂಬುದು ಗಮನಾರ್ಹ. ಅಮೆರಿಕದಲ್ಲಿ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರಗಳೊಂದಿಗೆ ಈ ಸ್ಥಿತಿಯನ್ನು ಗುರುತಿಸಿದರು. ಮುಂದೆ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಗ್ರಂಥದಲ್ಲಿ ತಾಯಂದಿರ ಮಮತೆಯ ಕೊರತೆಯನ್ನೇ ಕಾರಣವಾಗಿ ಮುಂದಿಟ್ಟರು. ಸ್ವತಃ ಇಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲೇ ಇದು ನರಮಂಡಲಕ್ಕೆ ಸಂಬಂಧಿಸಿದ್ದೆಂದು ವಾದಿಸಿದ್ದರು. ಕಾಲಾಂತರದಲ್ಲಿ ಆ ನಿಲುವೇ ನಿಂತಿತು. ಐವರ್ ಲೋವಾಸ್ ವಾರಕ್ಕೆ 40 ಗಂಟೆಗಳ ವರ್ತನಾ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ತರಗತಿಗೆ ಸೇರಿದರೆಂದು 1987ರಲ್ಲಿ ವರದಿ ಮಾಡಿದರು. ಅವರ ಆರಂಭದ ಪ್ರಯೋಗಗಳಲ್ಲಿ ಏಟು ಮತ್ತು ವಿದ್ಯುದಾಘಾತದಂಥ ಶಿಕ್ಷೆಗಳೂ ಇದ್ದವು. ಮಗುವನ್ನು ‘ಇತರರಂತೆ’ ಮಾಡುವುದೇ ಗುರಿಯಾಗಬೇಕೇ ಎಂದು ಸ್ವಲೀನತೆಯುಳ್ಳ ವಯಸ್ಕರೇ ಇಂದು ಕೇಳುತ್ತಿದ್ದಾರೆ.

ಕರ್ನಾಟಕದಲ್ಲಿ ಈ ಚಿಕಿತ್ಸೆಗೆ ನೆಲೆ ಒದಗಿಸಿದ್ದು ಬೆಂಗಳೂರು ಮತ್ತು ಮೈಸೂರು. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದ ವಾಕ್ ಚಿಕಿತ್ಸಕರನ್ನು ತಯಾರುಮಾಡುತ್ತ ಬಂದಿದೆ. ಬೆಂಗಳೂರಿನಲ್ಲಿ 1995ರಲ್ಲಿ ‘ಆಶಾ’ ಸಂಸ್ಥೆ ಸ್ಥಾಪನೆಯಾಯಿತು. 2000ದ ಸುಮಾರಿಗೆ ಡಾ. ಪ್ರತಿಭಾ ಕಾರಂತರು ‘ಕಮ್ಯುನಿಕೇಷನ್ ಡೀಲ್’ ಎಂಬ ಕಾರ್ಯಕ್ರಮ ಆರಂಭಿಸಿದರು. ಎಳೆಯ ವಯಸ್ಸಿನಲ್ಲೇ ತರಬೇತಿ ತೊಡಗಬೇಕು, ತಂದೆತಾಯಿ ಅದರಲ್ಲಿ ಪಾಲುಗೊಳ್ಳಬೇಕು ಎಂಬುದು ಈ ಕಾರ್ಯಕ್ರಮದ ತಿರುಳು. ದೋಷದ ಹೊರೆ ಹೊತ್ತಿದ್ದ ತಾಯಿ ಇಲ್ಲಿ ಸಹಶಿಕ್ಷಕಿಯಾದಳು.

ಕಾನೂನಿನ ಮನ್ನಣೆ ನಿಧಾನವಾಗಿ ಬಂದಿತು. 1995ರ ಅಂಗವಿಕಲರ ಅಧಿನಿಯಮದ ಪಟ್ಟಿಯಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮ ಅದನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಗಳಲ್ಲಿ ಒಂದಾಗಿ ಸೇರಿಸಿತು. ಸರ್ವ ಶಿಕ್ಷಣ ಅಭಿಯಾನ ಮತ್ತು ಅದರ ನಂತರದ ಸಮಗ್ರ ಶಿಕ್ಷಣ ಯೋಜನೆಯಡಿ ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕರೂ ಗೃಹಾಧಾರಿತ ಶಿಕ್ಷಣವೂ ಬಂದವು. ಆದರೂ ವಾರಕ್ಕೆ ಹಲವು ಗಂಟೆ ಬೇಡುವ ತರಬೇತಿಗೂ ಆಗಾಗ ಮನೆಗೆ ಬರುವ ಶಿಕ್ಷಕರ ಭೇಟಿಗೂ ನಡುವಿನ ಅಂತರ ಕಿರಿದಲ್ಲ. ಕೂಲಿ ಬಿಟ್ಟು ಮಗುವನ್ನು ಬೆಂಗಳೂರಿಗೆ ಕರೆದೊಯ್ಯಬೇಕಾದ ಕುಟುಂಬಕ್ಕೆ ದೂರವೆಂದರೆ ಮೈಲಿಗಳ ಲೆಕ್ಕವಷ್ಟೇ ಅಲ್ಲ.

ಗಡಿಜಿಲ್ಲೆಯಾದ ಕೋಲಾರದಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ. ಇಂಥ ಮಕ್ಕಳಿಗೆ ಒಂದೇ ಭಾಷೆ ಸಾಕೆಂಬ ಸಲಹೆ ಬಹುಕಾಲ ರೂಢಿಯಲ್ಲಿತ್ತು. ದ್ವಿಭಾಷಿಕತೆಯಿಂದ ಈ ಮಕ್ಕಳ ಭಾಷಾ ಬೆಳವಣಿಗೆಗೆ ಹಾನಿಯಿಲ್ಲವೆಂದು ಈಚಿನ ಅಧ್ಯಯನಗಳು ತೋರಿಸಿವೆ. ಅಜ್ಜಿಯ ಮಾತನ್ನು ಮಗುವಿನಿಂದ ಕಿತ್ತುಕೊಳ್ಳಬೇಕಾಗಿಲ್ಲ.

ಜಾನಪದಕ್ಕೂ ಇಲ್ಲಿ ಕೆಲಸವಿದೆ. ಚಪ್ಪಾಳೆಯಾಟ, ಕಣ್ಣಾಮುಚ್ಚಾಲೆ, ತೊಡೆಯ ಮೇಲೆ ಕೂರಿಸಿ ತೂಗುವ ಹಾಡುಗಳಲ್ಲಿ ಕಣ್ಣಿಗೆ ಕಣ್ಣು ಕೂಡಿಸುವುದು, ಸರದಿಗೆ ಕಾಯುವುದು, ಮುಂದಿನದನ್ನು ನಿರೀಕ್ಷಿಸುವುದು ಅಡಕವಾಗಿವೆ. ಚಿಕಿತ್ಸಕರು ಕಲಿಸಲು ಯತ್ನಿಸುವುದೂ ಇವನ್ನೇ. ಈ ಆಟಗಳು ಚಿಕಿತ್ಸೆಗೆ ಬದಲಿಯಲ್ಲ. ಆದರೆ ತರಬೇತಿ ಪಡೆದ ಶಿಕ್ಷಕರ ಕೈಗೆ ಮನೆಮಾತಿನಲ್ಲೇ ಸಿಗುವ ಸಲಕರಣೆಗಳು. ಅವುಗಳನ್ನು ಆಯಾ ಭಾಷೆಯಲ್ಲಿ ಸಂಗ್ರಹಿಸಿ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರಿಗೆ ತಲುಪಿಸುವುದು ಜಾನಪದ ವಿದ್ವಾಂಸರು ಮಾಡಬೇಕಾಗಿರುವ ಕಾರ್ಯ.