ಹಡಗಿನ ಮೇಲಣ ಮರ್ಯಾದೆ

ವಿನೋದಯಾತ್ರೆಯ ಹಡಗನ್ನು ಹತ್ತುವವರಿಗೆಂದು ಬರೆದ ಶಿಷ್ಟಾಚಾರದ ಕೈಪಿಡಿಗಳು ಈಗ ಹೇರಳವಾಗಿ ದೊರೆಯುತ್ತವೆ. ಊಟದ ಮೇಜಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕು. ಡೆಕ್ಕಿನ ಕುರ್ಚಿಯ ಮೇಲೆ ಟವಲು ಹಾಸಿ ಅರ್ಧ ದಿನ ಕಾಣೆಯಾಗಬಾರದು. ಬಡಿಸಿಕೊಳ್ಳುವ ಸಾಲಿಗೆ ಬರುವ ಮುನ್ನ ಕೈ ತೊಳೆಯಬೇಕು. ಇರುಳಿನಲ್ಲಿ ಓಣಿಗಳಲ್ಲಿ ಗಟ್ಟಿಯಾಗಿ ಮಾತನಾಡಬಾರದು. ಸಮುದ್ರವನ್ನೇ ಕಾಣದ ನಮ್ಮವರಿಗೆ ಇದರಿಂದೇನೆಂದು ಶ್ರೋತೃಗಳು ಕೇಳಿದರೆ ಅದು ಸಹಜವೇ. ಆದರೆ ಈ ಸಣ್ಣ ಕಟ್ಟಳೆಗಳ ಹಿಂದೆ ನೂರೆಂಬತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು. ಬೇಸರವಾದಾಗ ಎದ್ದು ಹೊರಗೆ ಹೋಗಲಾಗದ ಒಂದೇ ಮನೆಯಲ್ಲಿ ನೂರಾರು ಮಂದಿ ಅಪರಿಚಿತರು ಹೇಗೆ ಬಾಳಿದರೆಂಬುದೇ ಆ ಚರಿತ್ರೆ.

೧೮೪೦ನೆಯ ಇಸವಿ ಜುಲೈ ೪ರಂದು ಕ್ಯೂನಾರ್ಡ್ ಕಂಪೆನಿಯ ‘ಬ್ರಿಟಾನಿಯ’ ಎಂಬ ಉಗಿಹಡಗು ಲಿವರ್‌ಪೂಲಿನಿಂದ ಅಮೆರಿಕದ ಕಡೆಗೆ ಹೊರಟಿತು. ಮರದ ಒಡಲು, ಎರಡು ಪಕ್ಕಗಳಲ್ಲಿಯೂ ದೊಡ್ಡ ಚಕ್ರಗಳು, ೨೦೭ ಅಡಿಯ ಉದ್ದ, ೧೧೫ ಮಂದಿಗೆ ಸ್ಥಳ. ಹಾಲಿಗಾಗಿ ಒಂದು ಹಸುವೂ ಜೊತೆಯಲ್ಲಿದ್ದಿತು. ಆ ಕಂಪೆನಿಯವರು ಮೊದಮೊದಲು ಮಾಡಿದ ನಿಯಮಗಳಲ್ಲಿ ಬೆಡಗಿನ ಸುಳಿವೇ ಇಲ್ಲ. ಹಾಸಿಗೆ ನೆನೆಯುವ ಸಂಭವವಿದ್ದಾಗ ಕಿಟಕಿಯನ್ನು ತೆರೆಯಬಾರದು; ಹೆಂಗಸರ ಕೊಠಡಿಗೆ ಪರಿಚಾರಿಕೆಯ ಹೊರತು ಬೇರೆ ಕೆಲಸದವರು ಹೋಗಬಾರದು; ಕೆಲಸದವರ ಮೇಲೆ ದೂರಿದ್ದರೆ ಮೊದಲು ಅವರ ಮುಖ್ಯಸ್ಥನಿಗೂ, ಅಲ್ಲಿ ತೀರದಿದ್ದರೆ ಕಪ್ತಾನನಿಗೂ ತಿಳಿಸಬೇಕು. ಅಷ್ಟೇ. ಮರದ ಹಡಗಿನಲ್ಲಿ ಒಬ್ಬನು ಮರೆತ ದೀಪವು ಎಲ್ಲರಿಗೂ ಚಿತೆಯಾಗಬಹುದು. ಒಬ್ಬನು ತೆರೆದ ಕಿಟಕಿಯಿಂದ ನೀರು ನೆರೆಯವನ ಹಾಸಿಗೆಗೆ ನುಗ್ಗಬಹುದು. ಇಕ್ಕಟ್ಟಾದ ಸ್ಥಳವೇ ಇಲ್ಲಿ ಗುರು. ೧೮೪೨ರ ಜನವರಿಯಲ್ಲಿ ಇದೇ ಹಡಗಿನಲ್ಲಿ ಪ್ರಯಾಣ ಮಾಡಿದ ಚಾರ್ಲ್ಸ್ ಡಿಕನ್ಸರು ತಮ್ಮ ಕೊಠಡಿಯ ಪುಟ್ಟತನವನ್ನು ಮನಸಾರೆ ಹಾಸ್ಯ ಮಾಡಿದ್ದಾರೆ.

ಇದು ಒಂದು ಬಗೆಯ ಮರ್ಯಾದೆ. ಇದರ ಮಗ್ಗುಲಲ್ಲಿಯೇ ಇನ್ನೊಂದು ಬೆಳೆಯಿತು. ಹಡಗು ದೊಡ್ಡದಾದಂತೆಲ್ಲ ಅದರೊಳಗೆ ದರ್ಜೆಗಳು ಹುಟ್ಟಿ, ಯಾರು ಯಾವ ಮೆಟ್ಟಿಲನ್ನು ಹತ್ತಬಹುದು, ಯಾವ ಉಡುಪಿನಲ್ಲಿ ಉಣ್ಣಬಹುದು, ಕಪ್ತಾನನ ಮೇಜಿಗೆ ಯಾರಿಗೆ ಕರೆ ಬರಬಹುದು ಎಂಬುವೂ ಸಭ್ಯತೆಯ ಹೆಸರನ್ನೇ ಹೊತ್ತವು. ೧೮೭೯ರಲ್ಲಿ ರಾಬರ್ಟ್ ಲೂಯಿ ಸ್ಟೀವನ್ಸನ್ನರು ‘ಡಿವೋನಿಯ’ ಎಂಬ ಹಡಗಿನಲ್ಲಿ, ಬಡ ವಲಸೆಗಾರರ ನೆಲೆಗೆ ತಾಗಿಕೊಂಡಿದ್ದ ಎರಡನೆಯ ದರ್ಜೆಯಲ್ಲಿ ಗ್ಲಾಸ್ಗೋವಿನಿಂದ ನ್ಯೂಯಾರ್ಕಿಗೆ ಹೋದರು. ಒಂದು ದಿನ ಮೇಲಿನ ದರ್ಜೆಯ ಗೃಹಸ್ಥನೊಬ್ಬನೂ ಇಬ್ಬರು ತರುಣಿಯರೂ ಕೆಳಗಿನವರನ್ನು ನೋಡಲು ಬಂದರಂತೆ. ಅವರು ಬೈಯಲಿಲ್ಲ, ಮೂಗು ಮುರಿಯಲಿಲ್ಲ. ಕೃಪೆ ತೋರುವವರಂತೆ ಕಿಲಕಿಲನೆ ನಗುತ್ತ, ಹೆಜ್ಜೆಯನ್ನು ಆರಿಸಿ ಆರಿಸಿ ಇಟ್ಟು ಹೊರಟುಹೋದರು. ಅಷ್ಟಕ್ಕೇ ಅಲ್ಲಿದ್ದವರ ಮೈಯೆಲ್ಲ ಕುಗ್ಗಿತೆಂದೂ, ತಮ್ಮ ಮನಸ್ಸಿಗೆ ಮುಳ್ಳು ಚುಚ್ಚಿದಂತಾಯಿತೆಂದೂ ಅವರು ಬರೆದಿದ್ದಾರೆ. ಯಾವ ಕೈಪಿಡಿಯ ಯಾವ ಕಟ್ಟಳೆಯನ್ನೂ ಆ ಮೂವರು ಮುರಿದಿರಲಿಲ್ಲ. ‘ದಿ ಅಮೆಚೂರ್ ಎಮಿಗ್ರಂಟ್’ ಎಂಬ ಆ ಪುಸ್ತಕವು ಸ್ಟೀವನ್ಸನ್ನರು ತೀರಿಕೊಂಡ ಮೇಲೆ ೧೮೯೫ರಲ್ಲಿ ಪ್ರಕಟವಾಯಿತು. ಇಂಗ್ಲಿಷನ್ನು ಓದಬಲ್ಲವರು ಅದನ್ನು ಓದಬೇಕೆಂಬುದು ನಮ್ಮ ಬಿನ್ನಹ.

೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಇಂಡಿಯಾ ಇಂಗ್ಲೆಂಡುಗಳ ನಡುವಣ ಹಾದಿ ಕಿರಿದಾಯಿತು. ಪಿ ಅಂಡ್ ಓ ಕಂಪೆನಿಯ ಹಡಗುಗಳಲ್ಲಿ ಆಂಗ್ಲೋ-ಇಂಡಿಯನ್ ಸಮಾಜವೆಂಬ ಪುಟ್ಟ ಲೋಕವೇ ತೇಲಿತು. ಅಲ್ಲಿ ರಾತ್ರಿಯ ಊಟಕ್ಕೆ ಕೆಂಪು ಸಮುದ್ರದ ಸೆಕೆಯಲ್ಲಿಯೂ ತಕ್ಕ ಉಡುಪನ್ನು ಧರಿಸಿಯೇ ಬರಬೇಕು. ಹೋಗುವಾಗ ಎಡಗಡೆ, ಬರುವಾಗ ಬಲಗಡೆ ನೆರಳಿನ ಕೊಠಡಿಗಳನ್ನು ಹಿಡಿದವರ ಚೀಟಿಯಿಂದ ‘ಪಾಷ್’ ಎಂಬ ಮಾತು ಹುಟ್ಟಿತೆಂದು ಕಥೆಯೊಂದುಂಟು. ಕಥೆ ಸೊಗಸಾಗಿದೆ, ಆದರೆ ಅದಕ್ಕೆ ಆಧಾರವನ್ನು ಯಾರೂ ತೋರಿಸಿಕೊಟ್ಟಿಲ್ಲ. ಆ ಮೇಜುಗಳಿಗೆ ಬಡಿಸುತ್ತಿದ್ದವರಲ್ಲಿ ಬಹುಮಂದಿ ಗೋವೆಯವರು. ಯಾವ ಚಮಚವು ಯಾವ ತಟ್ಟೆಗೆ ಎಂಬುದನ್ನು ಅವರಷ್ಟು ಬಲ್ಲವರು ಕುಳಿತವರಲ್ಲಿ ಎಷ್ಟು ಮಂದಿ ಇದ್ದರೋ!

ಈ ಲೋಕಕ್ಕೆ ೧೮೮೮ರ ಸೆಪ್ಟೆಂಬರ್ ೪ರಂದು, ಮುಂಬಯಿಯಲ್ಲಿ, ‘ಕ್ಲೈಡ್’ ಎಂಬ ಹಡಗಿನ ಮೂಲಕ ಇನ್ನೂ ಹತ್ತೊಂಬತ್ತು ತುಂಬದ ತರುಣನೊಬ್ಬನು ಕಾಲಿಟ್ಟನು. ಸಮುದ್ರವನ್ನು ದಾಟಲು ಹೊರಟುದಕ್ಕಾಗಿ ಅವನ ಜಾತಿಯ ಮುಖಂಡರು ಅವನನ್ನು ಆಗಲೇ ಬಹಿಷ್ಕರಿಸಿದ್ದರು. ಮೋಹನದಾಸ ಗಾಂಧಿಯೆಂಬ ಆ ಹುಡುಗನಿಗೆ ಚಾಕು ಮುಳ್ಳುಗಳ ಬಳಕೆ ತಿಳಿಯದು. ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಪರಿಚಾರಕನನ್ನು ಕೇಳುವ ಧೈರ್ಯವಿಲ್ಲ. ಊಟದ ಮೇಜಿಗೆ ಹೋಗದೆ, ಮನೆಯಿಂದ ತಂದ ಸಿಹಿತಿಂಡಿಗಳನ್ನೂ ಹಣ್ಣುಗಳನ್ನೂ ತನ್ನ ಕೊಠಡಿಯಲ್ಲಿಯೇ ತಿಂದು ದಿನಗಳನ್ನು ಕಳೆದನು. ಜೊತೆಯಲ್ಲಿದ್ದ ವಕೀಲರಾದ ತ್ರ್ಯಂಬಕರಾಯ ಮಜುಂದಾರರು ಎಲ್ಲರೊಡನೆ ಬೆರೆಯೆಂದು ಹೇಳಿದರೂ ನಾಚಿಕೆ ಬಿಡಲಿಲ್ಲ. ಒಂದು ಕಡೆ ಜಾತಿಯ ಗೋಡೆ, ಇನ್ನೊಂದು ಕಡೆ ಚಾಕು ಮುಳ್ಳುಗಳ ಗೋಡೆ; ನಡುವೆ ಉಪವಾಸಕ್ಕೆ ಸಮೀಪವಾದ ಒಂಟಿತನ. ಆಗ ಹಿರಿಯ ವಯಸ್ಸಿನ ಆಂಗ್ಲೇಯನೊಬ್ಬನು ತಾನಾಗಿಯೇ ಮಾತನಾಡಿಸಿ, ಏನು ತಿನ್ನುವೆ, ಎಲ್ಲಿಗೆ ಹೋಗುವೆ, ಏಕೆ ಇಷ್ಟು ಸಂಕೋಚವೆಂದು ವಿಚಾರಿಸಿ, ಮೇಜಿಗೆ ಬಾರೆಂದು ಕರೆದನು. ಅವನ ಹೆಸರನ್ನು ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿಲ್ಲ. ಮಾಂಸದ ವಿಷಯದಲ್ಲಿ ಆತನು ಹೇಳಿದ ಬುದ್ಧಿವಾದವನ್ನು ಅವರು ಒಪ್ಪಲೂ ಇಲ್ಲ. ಆದರೂ ಆ ಹಡಗಿನ ಮೇಲಣ ಮರ್ಯಾದಸ್ಥನು ಯಾರೆಂದು ಕೇಳಿದರೆ ನಾವು ಆತನನ್ನೇ ತೋರಿಸುವೆವು.

ಅರಸರಿಗೆ ಈ ಕಷ್ಟವಿರಲಿಲ್ಲ. ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ೧೯೦೨ರಲ್ಲಿ ಹೊರಟ ಜಯಪುರದ ಮಹಾರಾಜ ಮಾಧೋಸಿಂಗರು ಇಡೀ ಹಡಗನ್ನೇ ಗೊತ್ತುಮಾಡಿಕೊಂಡು, ದೊಡ್ಡ ದೊಡ್ಡ ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲವನ್ನು ತುಂಬಿಸಿಕೊಂಡು, ತಮ್ಮ ಆಚಾರವನ್ನೇ ಹಡಗಿನ ಆಚಾರವನ್ನಾಗಿ ಮಾಡಿದರು.

ಈ ಎರಡು ಬಗೆಯ ಮರ್ಯಾದೆಗಳು ಒಂದೇ ಉಡುಪಿನಲ್ಲಿ ಓಡಾಡುತ್ತಿದ್ದುದರಿಂದ, ಯಾವುದು ಯಾವುದೆಂದು ಗುರುತಿಸಲು ನೀರೇ ಒಳಗೆ ನುಗ್ಗಬೇಕಾಯಿತು. ೧೮೫೨ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದ ಕರೆಯಲ್ಲಿ ‘ಬರ್ಕನ್‌ಹೆಡ್’ ಎಂಬ ಸೈನ್ಯದ ಹಡಗು ಬಂಡೆಗೆ ತಾಗಿದಾಗ ಸಿಪಾಯಿಗಳು ಡೆಕ್ಕಿನ ಮೇಲೆ ಸಾಲುಗಟ್ಟಿ ನಿಂತು, ಹೆಂಗಸರು ಮಕ್ಕಳೆಲ್ಲರನ್ನೂ ದೋಣಿಯಲ್ಲಿ ಕಳುಹಿಸಿಕೊಟ್ಟರು. ಅವರೆಲ್ಲ ಬದುಕಿದರು, ನಿಂತವರಲ್ಲಿ ಬಹುಮಂದಿ ಮಡಿದರು. ಇದನ್ನು ಜಗತ್ತು ನೆನಪಿನಲ್ಲಿಟ್ಟಿದೆ. ಎರಡು ವರ್ಷಗಳ ತರುವಾಯ, ೧೮೫೪ರ ಸೆಪ್ಟೆಂಬರಿನಲ್ಲಿ, ನ್ಯೂಫೌಂಡ್‌ಲೆಂಡಿನ ಬಳಿ ಮಂಜಿನಲ್ಲಿ ಡಿಕ್ಕಿ ಹೊಡೆದು ಮುಳುಗಿದ ‘ಆರ್ಕ್ಟಿಕ್’ ಎಂಬ ಬೆಡಗಿನ ಪ್ರಯಾಣಿಕರ ಹಡಗನ್ನು ಹೆಚ್ಚು ಜನ ನೆನೆಯುವುದಿಲ್ಲ. ಅಲ್ಲಿ ನಾವಿಕರೇ ದೋಣಿಗಳನ್ನು ಹಿಡಿದುಕೊಂಡರು. ಒಬ್ಬ ಹೆಂಗಸೂ, ಒಂದು ಮಗುವೂ ಉಳಿಯಲಿಲ್ಲ.

೧೯೧೨ರ ಏಪ್ರಿಲಿನಲ್ಲಿ ಮುಳುಗಿದ ‘ಟೈಟಾನಿಕ್’ ಹಡಗಿನ ಕಥೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೊದಲ ಸ್ಥಾನ ದೊರೆತುದನ್ನು ಎಲ್ಲರೂ ಕೊಂಡಾಡುವರು. ಕೊಂಡಾಡತಕ್ಕದ್ದೇ. ಆದರೆ ಲೆಕ್ಕವನ್ನು ದರ್ಜೆಯ ಪ್ರಕಾರ ಬಿಡಿಸಿ ನೋಡಿದರೆ, ಮೊದಲನೆಯ ದರ್ಜೆಯ ಹೆಂಗಸರಲ್ಲಿ ನೂರಕ್ಕೆ ೯೭ರಷ್ಟು ಮಂದಿ ಉಳಿದರು; ಮೂರನೆಯ ದರ್ಜೆಯ ಹೆಂಗಸರಲ್ಲಿ ಉಳಿದವರು ಅರ್ಧಕ್ಕಿಂತಲೂ ಕಡಮೆ; ಆ ದರ್ಜೆಯ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ನೀರುಪಾಲಾದರು. ಇದ್ದ ೨೦ ದೋಣಿಗಳಲ್ಲಿ ೧,೧೭೮ ಮಂದಿಗೆ ಮಾತ್ರವೇ ಸ್ಥಳ, ಹಡಗಿನಲ್ಲಿದ್ದವರು ಸುಮಾರು ೨,೨೦೦. ಹೀಗಿದ್ದೂ ೪೦ ಮಂದಿ ಹಿಡಿಯುವ ದೋಣಿಯೊಂದು ೧೨ ಮಂದಿಯೊಡನೆ ಇಳಿದುಹೋಯಿತು. ೨೦೧೨ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ವಾಂಸರು ೧೮ ಹಡಗುಗಳ ದುರಂತಗಳನ್ನು ಪರಿಶೀಲಿಸಿ, ಒಟ್ಟಿನಲ್ಲಿ ಹೆಂಗಸರಿಗಿಂತ ಗಂಡಸರೂ, ಪ್ರಯಾಣಿಕರಿಗಿಂತ ನಾವಿಕರೂ ಹೆಚ್ಚಾಗಿ ಬದುಕಿದರೆಂದು ತೋರಿಸಿದರು. ಮರ್ಯಾದೆಯು ಸಮುದ್ರದಲ್ಲಿ ತಾನಾಗಿ ಬೆಳೆಯುವ ಬೆಳೆಯಲ್ಲ. ಆದುದರಿಂದಲೇ ೧೯೧೪ರಲ್ಲಿ ಲಂಡನ್ನಿನಲ್ಲಿ ಸೇರಿದ ರಾಷ್ಟ್ರಗಳು, ಹಡಗಿನಲ್ಲಿರುವ ಪ್ರತಿಯೊಬ್ಬನಿಗೂ ದೋಣಿಯಲ್ಲಿ ಸ್ಥಳವಿರಬೇಕೆಂದು ಗೊತ್ತುಮಾಡಿದುವು.

ಸುಮ್ಮನೆ ವಿನೋದಕ್ಕಾಗಿ ಹಡಗಿನಲ್ಲಿ ಸುತ್ತಿಬರುವ ರೂಢಿಯು ೧೮೯೧ರಲ್ಲಿ ‘ಆಗಸ್ಟ ವಿಕ್ಟೋರಿಯ’ ಎಂಬ ಜರ್ಮನ್ ಹಡಗು ಮೆಡಿಟರೇನಿಯನ್ ಸಮುದ್ರವನ್ನು ಸುತ್ತಿದಂದಿನಿಂದ ಬಲವಾಯಿತು. ಇಂದು ಆ ಹಡಗುಗಳು ಪಟ್ಟಣಗಳಷ್ಟು ದೊಡ್ಡವಾಗಿವೆ. ಹಳೆಯ ದರ್ಜೆಗಳು ಹೆಸರಿಗೆ ಅಳಿದಿವೆ; ಹೆಚ್ಚು ಹಣ ತೆತ್ತವರಿಗೆ ಬೇರೆ ಬಾಗಿಲು, ಬೇರೆ ಡೆಕ್ಕು ಮತ್ತೆ ಬಂದಿವೆ. ಕೋಣೆಗಳನ್ನು ಗುಡಿಸಿ ಮೇಜಿಗೆ ಬಡಿಸುವವರಲ್ಲಿ ಗೋವೆಯವರೂ ನಮ್ಮ ಮಂಗಳೂರಿನ ಕಡೆಯ ತರುಣರೂ ಉಂಟು. ತಿಂಗಳುಗಟ್ಟಲೆ ಮನೆಯನ್ನು ಬಿಟ್ಟು ದುಡಿಯುವ ಇವರನ್ನು ಹೆಸರು ಹಿಡಿದು ಮಾತನಾಡಿಸಬೇಕೆಂದು ಈಗಿನ ಕೈಪಿಡಿಗಳು ಹೇಳುವುದನ್ನು ಕಂಡು ನಮಗೆ ಸಂತೋಷವಾಯಿತು.

ಇವೆಲ್ಲಕ್ಕಿಂತ ಹೆಚ್ಚಾಗಿ ಪ್ರಯಾಣಿಕರು ಬೇಸರಪಡುವ ಕಟ್ಟಳೆಯೆಂದರೆ ಅಪಾಯಕಾಲದ ಅಭ್ಯಾಸ. ಯಾವ ಕಡೆಗೆ ಓಡಬೇಕು, ತೇಲುಜಾಕೀಟನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುದನ್ನು ಎಲ್ಲರನ್ನೂ ಕೂಡಿಸಿ ತೋರಿಸುವುದುಂಟು. ೨೦೧೨ರ ಜನವರಿ ೧೩ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ‘ಕೋಸ್ಟ ಕಾಂಕೋರ್ಡಿಯ’ ಬಂಡೆಗೆ ತಾಗಿ ಮಗ್ಗುಲಾಯಿತು. ೩೨ ಮಂದಿ ಸತ್ತರು. ಎಲ್ಲರನ್ನೂ ಇಳಿಸುವ ಮುನ್ನವೇ ಕಪ್ತಾನನು ಹಡಗನ್ನು ಬಿಟ್ಟಿದ್ದನು. ಅಂದಿನ ಸಂಜೆಯೇ ಹಡಗನ್ನು ಹತ್ತಿದ್ದ ನೂರಾರು ಮಂದಿಗೆ ಆ ಅಭ್ಯಾಸ ಇನ್ನೂ ಆಗಿರಲಿಲ್ಲ, ಏಕೆಂದರೆ ಆಗಿನ ನಿಯಮವು ೨೪ ಗಂಟೆಗಳ ಅವಕಾಶವನ್ನು ಕೊಟ್ಟಿದ್ದಿತು. ೨೦೧೫ರಿಂದ, ಹಡಗು ಹೊರಡುವ ಮುನ್ನ ಇಲ್ಲವೆ ಹೊರಟ ಕೂಡಲೇ ಅದು ಮುಗಿಯಬೇಕೆಂದು ವಿಧಿಸಿದ್ದಾರೆ. ಆ ಹೊತ್ತಿನಲ್ಲಿ ಪಾನಶಾಲೆಗಳನ್ನು ಮುಚ್ಚಿಡುವುದು ವಾಡಿಕೆ. ಅದಕ್ಕಾಗಿ ಗೊಣಗುವವರೂ ಇದ್ದಾರೆ.