ಬೆಂಗಳೂರಿನ ಹೈಸ್ಕೂಲಿನ ಮೊದಲ ದಿನಗಳು



ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಆದರೆ ಆ ಸಂಸ್ಥೆಯು ಹುಟ್ಟಿದುದು ಕಾಲೇಜಾಗಿ ಅಲ್ಲ, ಹೈಸ್ಕೂಲಾಗಿ ಎಂಬ ಸಂಗತಿಯು ಅನೇಕರ ನೆನಪಿನಿಂದ ಜಾರಿಹೋಗಿದೆ.

೧೮೩೧ರಿಂದ ಮೈಸೂರು ಸೀಮೆಯ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದಿತು. ಮೈಸೂರು ನಗರದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು ೧೮೩೩ರಲ್ಲಿಯೇ ಇಂಗ್ಲಿಷ್ ಪಾಠಶಾಲೆಯೊಂದನ್ನು ತೆರೆದಿದ್ದರು. ೧೮೫೪ರಲ್ಲಿ ಚಾರ್ಲ್ಸ್ ವುಡ್ಡರ ಪ್ರಸಿದ್ಧ ವಿದ್ಯಾಪತ್ರವು ಇಂಗ್ಲೆಂಡಿನಿಂದ ಬಂದಿತು. ೧೮೫೭ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದರ ಮರುವರ್ಷ, ೧೮೫೮ರಲ್ಲಿ, ಮಾರ್ಕ್ ಕಬ್ಬನ್ನರು ಕಮಿಷನರಾಗಿದ್ದಾಗ, ಬೆಂಗಳೂರಿನಲ್ಲಿ ಸರ್ಕಾರದ ಹೈಸ್ಕೂಲು ಆರಂಭವಾಯಿತು. ಅದರ ಆದಿಯಲ್ಲಿ ಮುಖ್ಯಸ್ಥರಾಗಿದ್ದವರು ಜಾನ್ ಗ್ಯಾರೆಟ್ಟರು. ಇವರು ಹಿಂದೆ ವೆಸ್ಲಿಯನ್ ಮಿಷನ್ನಿನ ಅಚ್ಚುಕೂಟವನ್ನು ನಡೆಸಿದವರು; ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷು ಈ ಮೂರು ಭಾಷೆಗಳಲ್ಲಿ ಒಟ್ಟಿಗೆ ಅಚ್ಚಿಡಿಸಿದವರು.

ಹುಡುಗರನ್ನು ಇಂತಹ ಶಾಲೆಗೆ ಎಳೆದ ಆಕರ್ಷಣೆ ಯಾವುದು? ಕಚೇರಿಗಳಿಗೆ ಇಂಗ್ಲಿಷು ಬಲ್ಲವರು ಬೇಕಾಗಿದ್ದರು. ಉದ್ಯೋಗದ ಬಾಗಿಲಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಯೇ ಕೀಲಿಕೈ. ಇದರಲ್ಲಿ ಲಾಭವಿದ್ದಂತೆ ಅಪಾಯವೂ ಇದ್ದಿತು. ಪೇಟೆಯ ಕೆಲವರು ಓದಿ ಮೇಲೇರಿದರೆ, ಹಳ್ಳಿಯ ಅಸಂಖ್ಯಾತ ಮಕ್ಕಳಿಗೆ ಅಕ್ಷರವೇ ಇಲ್ಲದೆ ಹೋಗುವುದು. ಓದಿದವನು ತನ್ನ ನುಡಿಗೇ ಪರಕೀಯನಾಗುವುದು.

ಈ ಅಪಾಯಕ್ಕೆ ಪರಿಹಾರದ ಒಂದು ಭಾಗವು ಅದೇ ಶಾಲೆಯ ಅಧ್ಯಾಪಕವರ್ಗದಿಂದ ಬಂದುದು ವಿಶೇಷ. ೧೮೬೦ರಲ್ಲಿ ಈ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದವರು ಬಿ. ಎಲ್. ರೈಸರು. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ಅವರಿಗೆ ಆಗ ಇಪ್ಪತ್ತಮೂರರ ಹರೆಯ. ಮುಂದೆ ಅವರು ಪಾಠಶಾಲೆಗಳ ಇನ್‌ಸ್ಪೆಕ್ಟರರಾದರು. ೧೮೬೮ರಲ್ಲಿ ಗ್ಯಾರೆಟ್ಟರ ತರುವಾಯ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾದರು. ಬೌರಿಂಗರ ಆಡಳಿತದ ಆ ಕಾಲದಲ್ಲಿಯೇ ಹೋಬಳಿ ಶಾಲೆಗಳ ಏರ್ಪಾಡು ನೆಲೆಗೊಂಡು, ಹಳ್ಳಿಗಾಡಿನ ಬಾಲಕರಿಗೆ ದೇಶಭಾಷೆಯಲ್ಲಿ ಓದುಬರಹ ದೊರೆಯುವ ಮಾರ್ಗವು ತೆರೆಯಿತು.

ಶಾಲೆಗಳ ತನಿಖೆಗೆಂದು ಊರೂರು ಸುತ್ತುತ್ತಿದ್ದ ರೈಸರ ಕಣ್ಣಿಗೆ ಇನ್ನೊಂದು ನಿಧಿಯೂ ಬಿದ್ದಿತು. ದೇವಾಲಯದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ನಡುವೆ ನಿಂತಿದ್ದ ಬರೆಹದ ಕಲ್ಲುಗಳು ಅವರ ಕುತೂಹಲವನ್ನು ಕೆರಳಿಸಿದುವು. ಆ ಕುತೂಹಲವೇ ಮುಂದೆ 'ಎಪಿಗ್ರಾಫಿಯಾ ಕರ್ನಾಟಿಕ'ದ ೧೨ ಸಂಪುಟಗಳಾಗಿ, ಸುಮಾರು ೯೦೦೦ ಶಾಸನಗಳ ಭಂಡಾರವಾಗಿ ಫಲಿಸಿತು. ನಮ್ಮ ಗಂಗರ, ಹೊಯ್ಸಳರ ಚರಿತ್ರೆಯನ್ನು ಇಂದು ನಾವು ಧೈರ್ಯದಿಂದ ಹೇಳಬಲ್ಲೆವಾದರೆ, ಅದಕ್ಕೆ ಈ ಭಂಡಾರವು ಒಂದು ಮುಖ್ಯ ಆಧಾರ.

ಹೈಸ್ಕೂಲು ೧೮೭೫ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರನ್ನು ತಳೆಯಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದಾಗ, ಮಹಾರಾಜಾ ಕಾಲೇಜಿನೊಡನೆ ಅದಕ್ಕೆ ಆಧಾರಸ್ತಂಭವಾಗಿ ನಿಂತಿತು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು.

ಪಾಠಶಾಲೆಯ ಹಿರಿಮೆಯನ್ನು ತೇರ್ಗಡೆಯಾದವರ ಪಟ್ಟಿಯಿಂದ ಅಳೆಯುವುದು ವಾಡಿಕೆ. ಆ ಅಳತೆಯು ಸಾಲದು. ಇಂಗ್ಲಿಷನ್ನು ಕಲಿಸಲೆಂದು ಹುಟ್ಟಿದ ಶಾಲೆಯ ಉಪಾಧ್ಯಾಯರೊಬ್ಬರು ಕನ್ನಡದ ಕಲ್ಲುಗಳಿಗೆ ನಾಲಗೆಯನ್ನು ಕೊಟ್ಟರು. ಕಲಿಸುವವನು ತಾನೂ ಕಲಿಯುತ್ತಲಿದ್ದರೆ, ಶಾಲೆಯ ಬೆಳಕು ಅದರ ಗೋಡೆಗಳನ್ನು ದಾಟಿ ನಾಡಿಗೆ ಹರಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?